ಹಳೆಯ ಭೂತಗಳ ಹೊಸ ಮುದ್ರಣ

ಭೂತದ ಸಿನಿಮಾ ಎಂದೊಡನೆ ಮೂಗು ಮುರಿಯುವವರು ನಮ್ಮ ಕಾಲೇಜಿನಲ್ಲಿಯೂ ಉಂಟು. ಅದರಲ್ಲಿಯೂ ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಅಲ್ಪಸ್ವಲ್ಪ ಹಣದಿಂದ ತೆಗೆದ ಭೂತದ ಚಿತ್ರವೆಂದರೆ ನೋಡದೆಯೇ ನಗುವವರು ಹೆಚ್ಚು. ನಗಲು ಕಾರಣವಿಲ್ಲವೆಂದಲ್ಲ. 1953ರಲ್ಲಿ ಬಂದ ‘ರೋಬಾಟ್ ಮಾನ್‌ಸ್ಟರ್’ ಎಂಬ ಚಿತ್ರದಲ್ಲಿ ಮನುಷ್ಯಕುಲವನ್ನೇ ನಿರ್ನಾಮ ಮಾಡಲು ಅನ್ಯಲೋಕದಿಂದ ಬಂದವನ ವೇಷ ಹೇಗಿದೆಯೆಂದರೆ, ಮೈಗೆ ಗೊರಿಲ್ಲದ ರೋಮದ ಅಂಗಿ, ತಲೆಗೆ ಸಮುದ್ರದಲ್ಲಿ ಮುಳುಗುವವರು ಹಾಕಿಕೊಳ್ಳುವಂಥ ಲೋಹದ ಟೋಪಿ! ಗೊರಿಲ್ಲದ ಅಂಗಿ ಆ ನಟನ ಸ್ವಂತದ್ದಂತೆ. ನಾಲ್ಕೇ ದಿನಗಳಲ್ಲಿ, ಸುಮಾರು 16,000 ಡಾಲರುಗಳಲ್ಲಿ ಚಿತ್ರೀಕರಣ ಮುಗಿದಿತ್ತು. ಇಂಥದನ್ನೂ 2023ರಲ್ಲಿ, ಎಪ್ಪತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಮೊದಲಿದ್ದ ತ್ರೀ-ಡಿ ರೂಪದಲ್ಲಿಯೇ ಸರಿಪಡಿಸಿ ಬ್ಲೂ-ರೇ ಡಿಸ್ಕಿನಲ್ಲಿ ಹೊರತಂದರು. ಮನೆಯಲ್ಲಿ ಕುಳಿತು ನೋಡುವವರಿಗಾಗಿ ಹಳೆಯ ಚಿತ್ರಗಳನ್ನು ಹೀಗೆ ಮತ್ತೆ ಹೊರತರುವುದು ಈಗ ಅಲ್ಲಿ ದೊಡ್ಡ ಕೆಲಸವೇ ಆಗಿದೆ.

ಇದಕ್ಕೆ ಇಷ್ಟೊಂದು ಶ್ರಮವೇಕೆ ಎಂದು ನಾನೂ ಕೇಳಿದವನೇ. ಉತ್ತರ ಸಿಕ್ಕಿದ್ದು ಬೇರೊಂದು ಚಿತ್ರದಿಂದ. ಅದರ ಹೆಸರು ‘ನೈಟ್ ಆಫ್ ದಿ ಲಿವಿಂಗ್ ಡೆಡ್’. 1968ರದು. ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನತೊಡಗುತ್ತಾರೆ. ಒಂದು ಹಳ್ಳಿಯ ಮನೆಯಲ್ಲಿ ಸಿಕ್ಕಿಕೊಂಡ ಏಳು ಜನ ಬಾಗಿಲು ಕಿಟಕಿಗಳಿಗೆ ಹಲಗೆ ಬಡಿದುಕೊಂಡು ರಾತ್ರಿ ಕಳೆಯಲು ಹೆಣಗುತ್ತಾರೆ. ನಮ್ಮ ಬೇತಾಳನಾದರೆ ಹೆಣದೊಳಗಿದ್ದುಕೊಂಡು ಕಥೆಯನ್ನಾದರೂ ಹೇಳುತ್ತಾನೆ. ಈ ಹೆಣಗಳಿಗೆ ಮಾತೇ ಇಲ್ಲ.

ಚಿತ್ರ ತೆಗೆದವರು ಹಾಲಿವುಡ್ಡಿನವರಲ್ಲ. ಪೆನ್ಸಿಲ್ವೇನಿಯದ ಪಿಟ್ಸ್‌ಬರ್ಗ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ ಜಾಹೀರಾತಿನ ಚಿತ್ರಗಳನ್ನು ತೆಗೆದು ಹೊಟ್ಟೆ ಹೊರೆಯುತ್ತಿದ್ದ ಜಾರ್ಜ್ ರೊಮೆರೊ ಎಂಬ ತರುಣ ಮತ್ತು ಅವನ ಗೆಳೆಯರು. ಹತ್ತು ಜನ ಸೇರಿ ತಲೆಗೆ 600 ಡಾಲರಿನಂತೆ ಹಾಕಿ ಮೊದಲುಮಾಡಿದರು. ಮುಂದೆ ಅವರಿವರಿಂದ ಕೂಡಿಸಿ ಒಟ್ಟು ಸುಮಾರು 1,14,000 ಡಾಲರುಗಳಲ್ಲಿ ಮುಗಿಸಿದರು. ಕೆಡವಲಿದ್ದ ಒಂದು ಹಳೆಯ ಮನೆಯೇ ಇವರ ಸ್ಟುಡಿಯೋ. ಕಪ್ಪು ಬಿಳುಪಿನ ಚಿತ್ರವಾದುದರಿಂದ ಚಾಕೊಲೇಟ್ ಪಾಕವೇ ರಕ್ತವಾಯಿತು. ನಿರ್ದೇಶಕನೇ ಕ್ಯಾಮರಾ ಹಿಡಿದ, ನಿರ್ದೇಶಕನೇ ಸಂಕಲನ ಮಾಡಿದ. ನಿರ್ಮಾಪಕರು ಬಣ್ಣ ಹಚ್ಚಿಕೊಂಡು ಪಾತ್ರಗಳಾದರು. ಕಥಾನಾಯಕ ಬೆನ್ನನ ಪಾತ್ರ ವಹಿಸಿದವನು ಡುವೇನ್ ಜೋನ್ಸ್ ಎಂಬ ಕರಿಯ ನಟ. 1968ರ ಅಮೆರಿಕದಲ್ಲಿ, ಮಾರ್ಟಿನ್ ಲೂಥರ್ ಕಿಂಗರು ಗುಂಡಿಗೆ ಬಲಿಯಾದ ವರ್ಷದಲ್ಲಿ, ಇದು ಸಣ್ಣ ಮಾತಲ್ಲ.

ಆಮೇಲೆ ನಡೆದ ಅನಾಹುತ ವಿಚಿತ್ರವಾದುದು. ಚಿತ್ರಕ್ಕೆ ಮೊದಲು ಇಟ್ಟ ಹೆಸರು ‘ನೈಟ್ ಆಫ್ ದಿ ಫ್ಲೆಷ್ ಈಟರ್ಸ್’. ಹಂಚಿಕೆದಾರರು ಅದನ್ನು ಬದಲಾಯಿಸಿ ಹೊಸ ಶೀರ್ಷಿಕೆ ಅಂಟಿಸಿದರು. ಹಳೆಯ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಒಂದು ಸಾಲು, ವೃತ್ತದೊಳಗಿನ ಸಿ ಅಕ್ಷರ, ಇಸವಿ, ಒಡೆಯನ ಹೆಸರು, ಇಷ್ಟೂ ಆ ತುಂಡಿನೊಡನೆ ಹೊರಟುಹೋಯಿತು. ಹೊಸದರಲ್ಲಿ ಅದನ್ನು ಬರೆಯಲು ಯಾರಿಗೂ ನೆನಪಾಗಲಿಲ್ಲ. ಅಮೆರಿಕದಲ್ಲಿ ಆಗ ನಡೆಯುತ್ತಿದ್ದುದು 1909ರ ಕಾಯಿದೆ. ಆ ಸಾಲಿಲ್ಲದೆ ಪ್ರಕಟವಾದ ಕೃತಿ ಸಾರ್ವಜನಿಕರ ಸ್ವತ್ತು. 1989ರಿಂದೀಚೆಗೆ ಅಲ್ಲಿ ಆ ಸಾಲು ಕಡ್ಡಾಯವಲ್ಲ. ಆದರೆ ಹೋದದ್ದು ಹೋಯಿತು. ದುಡಿದವರು ದುಡಿದರು, ಬೆಳೆ ಮಾತ್ರ ಬೇಲಿಯಿಲ್ಲದ ಹೊಲದ ಬೆಳೆಯಾಯಿತು.

ಯಾರು ಬೇಕಾದರೂ ಪ್ರತಿ ತೆಗೆದು ಮಾರಬಹುದು. ಮಾರಿದರು. ಮನೆಮನೆಗೆ ವಿಡಿಯೋ ಟೇಪು ಬಂದ ಮೇಲಂತೂ ಕೇಳುವವರೇ ಇರಲಿಲ್ಲ, ಆಮೇಲೆ ಡಿ.ವಿ.ಡಿ. ಬಂತು, ಅದರಲ್ಲಿಯೂ ಇದೇ ಕಥೆ. ಈ ಪ್ರತಿಗಳು ಎಂಥವು ಎಂಬುದನ್ನು ನಮ್ಮ ವಿದ್ಯಾರ್ಥಿಮಿತ್ರರಿಗೆ ತಿಳಿಸುವುದು ಸುಲಭ. ಪರೀಕ್ಷೆಯ ಹಿಂದಿನ ವಾರ ನಮ್ಮ ಕೈಗೆ ಬರುವ ನೋಟ್ಸು ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು ಆಗಿರುತ್ತದಷ್ಟೆ? ಕ್ಯಾಮರಾದೊಳಗೆ ಓಡಿದ ಫಿಲ್ಮೇ ಮೂಲ ನೆಗೆಟಿವ್. ಅದರಿಂದ ಒಂದು ಪಾಸಿಟಿವ್, ಅದರಿಂದ ಇನ್ನೊಂದು ನೆಗೆಟಿವ್, ಅದರಿಂದ ಥಿಯೇಟರಿನ ಪ್ರಿಂಟು, ಆ ಪ್ರಿಂಟಿನಿಂದ ಚಿಕ್ಕ ಅಳತೆಯ 16 ಮಿಲಿಮೀಟರ್ ಪ್ರಿಂಟು, ಅದರಿಂದ ಟೇಪು, ಟೇಪಿನಿಂದ ಟೇಪು. ಒಂದೊಂದು ಮೆಟ್ಟಿಲು ಇಳಿದಾಗಲೂ ಕಪ್ಪಿಗೂ ಬಿಳುಪಿಗೂ ನಡುವಣ ಬೂದುಬಣ್ಣದ ಛಾಯೆಗಳು ಒಂದಿಷ್ಟು ಸಾಯುತ್ತವೆ. ಮಬ್ಬಾದುದು ಕಗ್ಗತ್ತಲೆಯಾಗುತ್ತದೆ, ಬೆಳಕಾದುದು ಸುಣ್ಣ ಬಳಿದಂತಾಗುತ್ತದೆ. ಅಂಚುಗಳು ಕತ್ತರಿಸಿಹೋಗಿ ಪಾತ್ರಗಳ ನೆತ್ತಿಯೂ ಹೋಗುವುದುಂಟು. ಮಾತಿನ ಮೇಲೆ ಮಳೆ ಸುರಿಯುವ ಸದ್ದು.

ಹಾಸ್ಟೆಲಿನಲ್ಲಿ ಮೊದಲ ಬಾರಿ ಫೋನಿನಲ್ಲಿ ನಾನು ನೋಡಿದುದು ಇಂಥದೊಂದು ಪ್ರತಿ. ದುಡ್ಡಿಲ್ಲದೆ ಸಿಕ್ಕಿತ್ತು. ಸಿಕ್ಕಿದುದೂ ಆ ಬಿಟ್ಟುಹೋದ ಸಾಲಿನ ಪುಣ್ಯದಿಂದಲೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬೆನ್ನನು ಕತ್ತಲ ಕೋಣೆಯಲ್ಲಿ ನಿಂತನೆಂದರೆ ಅವನ ಮುಖವೇ ಮಾಯ. ಅಂಗಿ ಮಾತ್ರ ಮಾತಾಡುತ್ತಿತ್ತು. ‘ಪಾಪ, ಬಡವರು ತೆಗೆದ ಚಿತ್ರ, ದೀಪಕ್ಕೆ ಕಾಸಿರಲಿಲ್ಲವೇನೋ’ ಎಂದುಕೊಂಡೆ. ನನ್ನ ಪಕ್ಕದಲ್ಲಿದ್ದವರೂ ಹಾಗೆಯೇ ಎಂದರು.

ಈ ವರ್ಷ ಅಧ್ಯಾಪಕರೊಬ್ಬರು ತಮ್ಮ ಮನೆಗೆ ಕರೆದು, ತಾವು ತರಿಸಿಕೊಂಡಿದ್ದ ಡಿಸ್ಕಿನಲ್ಲಿ ಅದೇ ಚಿತ್ರವನ್ನು ತೋರಿಸಿದರು. ಅದು 2016ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಹಾಗೂ ಫಿಲ್ಮ್ ಫೌಂಡೇಷನ್ ಸೇರಿ ಸರಿಪಡಿಸಿದ ಪ್ರತಿ. ಅವರು ಪ್ರಿಂಟುಗಳ ಗೊಡವೆಗೇ ಹೋಗಲಿಲ್ಲ. ಕ್ಯಾಮರಾದ ಮೂಲ ನೆಗೆಟಿವ್ ಉಳಿದಿತ್ತು. ಅದರ ಒಂದೊಂದು ಚೌಕವನ್ನೂ ಅಡ್ಡಲಾಗಿ ಸುಮಾರು ನಾಲ್ಕು ಸಾವಿರ ಚುಕ್ಕೆಗಳ ಸೂಕ್ಷ್ಮತೆಯಲ್ಲಿ ಸ್ಕ್ಯಾನ್ ಮಾಡಿದರು. ಸೆಕೆಂಡಿಗೆ 24 ಚೌಕಗಳಂತೆ ಒಂದೂವರೆ ಗಂಟೆಗೂ ಮೀರಿದ ಚಿತ್ರಕ್ಕೆ ಎಷ್ಟಾಯಿತೆಂದು ವಾಚಕರೇ ಲೆಕ್ಕ ಹಾಕಿಕೊಳ್ಳಲಿ. ಬಳಿಕ ಧೂಳು ಗೀರುಗಳನ್ನು ತೆಗೆದು, ಧ್ವನಿಯನ್ನು ಶುಚಿಮಾಡಿ, ಬೆಳಕು ನೆರಳುಗಳನ್ನು ಮೊದಲಿದ್ದಂತೆ ಹೊಂದಿಸಿದರು. ಮೊದಲು ಹೇಗಿತ್ತೆಂದು ಹೇಳಲು ರೊಮೆರೊ ಮತ್ತು ಅವನ ಹಳೆಯ ಗೆಳೆಯರೇ ಪಕ್ಕದಲ್ಲಿದ್ದರು. ಮರುವರ್ಷ, 2017ರ ಜುಲೈನಲ್ಲಿ, ರೊಮೆರೊ ತೀರಿಕೊಂಡ. 2018ರಲ್ಲಿ ಕ್ರೈಟೀರಿಯನ್ ಸಂಸ್ಥೆ ಈ ಪ್ರತಿಯನ್ನು ಮನೆಗಳಿಗೆ ತಲುಪಿಸಿತು.

ಬೆನ್ನನಿಗೆ ಮುಖವಿತ್ತು! ಹಲಗೆ ಬಡಿಯುವಾಗ ಅವನ ಹಣೆಯ ಬೆವರು, ಇತರರ ಮಾತಿಗೆ ಅವನು ತಡೆದುಕೊಂಡ ಸಿಟ್ಟು, ಎಲ್ಲವೂ ಅಲ್ಲಿತ್ತು. ದೀಪಕ್ಕೆ ಕಾಸಿಲ್ಲದಿರುವುದಿರಲಿ, ನೆರಳನ್ನು ಅಳೆದು ತೂಗಿ ಇಟ್ಟಿದ್ದರು. ನಾನು ಬಡವರ ಕೆಲಸವೆಂದು ಕನಿಕರಪಟ್ಟದ್ದು ಅವರ ಕೆಲಸವನ್ನಲ್ಲ, ಕಂಡವರು ತೆಗೆದ ಪ್ರತಿಯನ್ನು.

ಕೊನೆಯ ದೃಶ್ಯದಲ್ಲಿ ಇದು ಇನ್ನೂ ಸ್ಪಷ್ಟ. ರಾತ್ರಿಯೆಲ್ಲ ಹೆಣಗಾಡಿ ಉಳಿದ ಬೆನ್ನನನ್ನು ಬೆಳಗ್ಗೆ ಬಂದೂಕು ಹಿಡಿದು ಬಂದ ಬಿಳಿಯರ ತಂಡ ಹೆಣವೆಂದೇ ತಿಳಿದು ಹೊಡೆದುಹಾಕುತ್ತದೆ. ಅಲ್ಲಿಂದ ಮುಂದೆ ಚಲನೆ ನಿಂತು ಬರಿಯ ಸ್ಥಿರಚಿತ್ರಗಳು. ದಿನಪತ್ರಿಕೆಯಲ್ಲಿ ಅಚ್ಚಾದ ಫೋಟೋಗಳಂತೆ ಒರಟು, ಚುಕ್ಕೆ ಚುಕ್ಕೆ. ಆ ಒರಟುತನ ಬೇಕೆಂದೇ ಮಾಡಿದ್ದು. ಒಳ್ಳೆಯ ಪ್ರತಿಯಲ್ಲಿ ಅಲ್ಲಿಯವರೆಗಿನ ನುಣುಪಾದ ಚಿತ್ರ ಒಮ್ಮೆಗೇ ಪತ್ರಿಕೆಯ ಸುದ್ದಿಯಾಗಿಬಿಡುತ್ತದೆ, ಎದೆ ಧಸಕ್ಕೆನ್ನುತ್ತದೆ. ಕೆಟ್ಟ ಪ್ರತಿಯಲ್ಲಿ ಮೊದಲಿನಿಂದಲೂ ಎಲ್ಲವೂ ಒರಟೇ ಆದುದರಿಂದ ಏನೂ ಆಗುವುದಿಲ್ಲ. ಫೋನಿನಲ್ಲಿ ನೋಡಿದ ದಿನ ಆ ಭಾಗ ಬರುವ ಹೊತ್ತಿಗೆ ನಾವು ಊಟಕ್ಕೆ ಎದ್ದುಹೋಗಿದ್ದೆವು.

ಮರುಮುದ್ರಣವೆಂದೊಡನೆ ಎಲ್ಲವೂ ಒಳ್ಳೆಯದೆಂದು ಭಾವಿಸಬಾರದು. 1986ರಲ್ಲಿ ಕಂಪ್ಯೂಟರಿನಿಂದ ಇದಕ್ಕೆ ಬಣ್ಣ ಬಳಿದರು, ಹೆಣಗಳು ಹಸಿರಾದವು. 1999ರಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ಕಾಪಾಡತಕ್ಕ ಚಿತ್ರಗಳ ಪಟ್ಟಿಗೆ ಸೇರಿಸಿದ ವರ್ಷವೇ, ಕಥೆ ಬರೆದ ಇಬ್ಬರಲ್ಲಿ ಒಬ್ಬನಾದ ಜಾನ್ ರಸ್ಸೋ ಹೊಸ ದೃಶ್ಯಗಳನ್ನೂ ಹೊಸ ಸಂಗೀತವನ್ನೂ ಸೇರಿಸಿ ಮೂವತ್ತನೆಯ ವರ್ಷದ ಆವೃತ್ತಿಯೊಂದನ್ನು ಹೊರಡಿಸಿದ. ಗಣಪತಿಯನ್ನು ಮಾಡೆಂದರೆ ಅವರಪ್ಪನನ್ನು ಮಾಡಿದಂತಾಯಿತು.

ಇದೆಲ್ಲ ಸಾಧ್ಯವಾದುದು ನೆಗೆಟಿವ್ ಉಳಿದುದರಿಂದ. ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರದು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಗೊರಿಲ್ಲ ಅಂಗಿಯ ಯಂತ್ರಪುರುಷ ಉಳಿದ, ಸುಲೋಚನೆ ಉಳಿಯಲಿಲ್ಲ. ಅವನನ್ನು ಉಳಿಸಿದವರನ್ನು ಕಂಡು ನಗುವುದನ್ನು ನಾನಂತೂ ಬಿಟ್ಟಿದ್ದೇನೆ.

ನೋಡಬೇಕೆನ್ನುವ ಮಿತ್ರರಿಗೆ ಒಂದು ಸೂಚನೆ. ‘ಸರಿಪಡಿಸಿದ ಪ್ರತಿ’ ಎಂದು ರಟ್ಟಿನ ಮೇಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಯಾವುದರಿಂದ ಪ್ರತಿ ತೆಗೆದರೆಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಬೆನ್ನನು ಮೊದಲ ಬಾರಿ ಮನೆಯೊಳಗೆ ಬರುವವರೆಗೆ ಓಡಿಸಿ. ಅವನ ಕಣ್ಣು ಕಾಣಿಸಿದರೆ ಮುಂದುವರಿಸಿ, ಕಾಣಿಸದಿದ್ದರೆ ಅಲ್ಲಿಗೇ ನಿಲ್ಲಿಸಿ ಬೇರೆ ಪ್ರತಿ ಹುಡುಕಿ.