ಕೂಸಿನ ತುತ್ತಿಗೆ ಶೇಂಗಾ ಯಾವಾಗ?

ತಾರ್ನಾಕದ ರಾಷ್ಟ್ರೀಯ ಪೋಷಣ ಸಂಸ್ಥೆಯ ಮುಂದೆ ಇಷ್ಟು ವರ್ಷ ಓಡಾಡಿಯೂ, ಮೊಮ್ಮಗಳ ಅನ್ನಪ್ರಾಶನದವರೆಗೆ ನಾವು ಈ ವಿಷಯವನ್ನು ಯೋಚಿಸಿರಲಿಲ್ಲ. ಸೊಸೆಯ ತೊಡೆಯ ಮೇಲಿದ್ದ ಮಗುವಿನ ಕೆನ್ನೆಯಲ್ಲಿ ಎಗ್ಜಿಮಾದ ಕೆಂಪು. ಮೂರು ವರ್ಷ ಶೇಂಗಾ ಸೋಕಿಸಕೂಡದೆಂದು ಬಂಧುವೊಬ್ಬರ ಆಗ್ರಹ.

ಆ ಮಾತು ನಿರಾಧಾರವಾದುದಲ್ಲ. ಅಲರ್ಜಿಯ ಸಂಭವವುಳ್ಳ ಮಕ್ಕಳಿಗೆ ಹಾಗೆಯೇ ಮಾಡಲು 2000ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸೂಚಿಸಿತ್ತು. ತಡಮಾಡುವುದರಿಂದ ರಕ್ಷಣೆಯೆಂಬುದಕ್ಕೆ ಪುರಾವೆ ಸಾಲದೆಂದು 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ತೀವ್ರ ಎಗ್ಜಿಮಾ ಅಥವಾ ಮೊಟ್ಟೆಯ ಅಲರ್ಜಿಯಿದ್ದ ಕೂಸುಗಳನ್ನು ಪರೀಕ್ಷಿಸಿ, ಅಲರ್ಜಿ ಆಗಲೇ ಬಲವಾಗಿದ್ದವರನ್ನು ಹೊರಗಿಟ್ಟು, 640 ಕೂಸುಗಳೊಂದಿಗೆ ನಡೆಸಿದ ಅಧ್ಯಯನವದು. ಹನ್ನೊಂದು ತಿಂಗಳೊಳಗೇ ಶೇಂಗಾ ತಿನ್ನಲಾರಂಭಿಸಿದವರಲ್ಲಿ ಐದನೆಯ ವಯಸ್ಸಿಗೆ ಅಲರ್ಜಿ ಶೇಕಡಾ 3.2; ವರ್ಜಿಸಿದವರಲ್ಲಿ 17.2. ಬಿರುಕುಬಿಟ್ಟ ಚರ್ಮದ ಮೂಲಕ ಮೊದಲು ಒಳಹೊಕ್ಕದ್ದನ್ನು ದೇಹ ಶತ್ರುವೆಂದೆಣಿಸುತ್ತದೆ, ಬಾಯಿಯ ಮೂಲಕ ಬಂದುದನ್ನು ಆಹಾರವೆಂದು ಒಪ್ಪುತ್ತದೆ ಎಂಬುದು ಲ್ಯಾಕ್ ಅವರ ವಿವರಣೆ.

ಆರು ತಿಂಗಳು ಎದೆಹಾಲೊಂದೇ ಎಂಬ ಪೋಷಣ ಸಂಸ್ಥೆಯ ಸಲಹೆ ಇದಕ್ಕೆ ಅಡ್ಡಿಯಲ್ಲ. ಬಳಿಕ ರಾಗಿ ಸರಿ ಒಗ್ಗಿದ ಮೇಲೆ, ಒಮ್ಮೆಗೆ ಒಂದೇ ಹೊಸ ಪದಾರ್ಥವನ್ನು ಹಗಲಿನಲ್ಲಿ ಕೊಡಬೇಕು. ಹುರಿದ ಶೇಂಗಾವನ್ನು ನುಣ್ಣಗೆ ಅರೆದು ಸರಿಯಲ್ಲಿ ತೆಳ್ಳಗೆ ಕದಡಬೇಕು. ಇಡೀ ಕಾಳು ಉಸಿರ್ನಾಳದಲ್ಲಿ ಸಿಕ್ಕೀತು. ಮೊಟ್ಟೆ ಪೂರ್ತಿ ಬೆಂದಿರಬೇಕು. (ಶಾಸ್ತ್ರಕ್ಕೆ ನೆಕ್ಕಿಸುವ ಜೇನು ಮಾತ್ರ ವರ್ಷ ತುಂಬುವವರೆಗೆ ಬೇಡ, ಅದು ಅಲರ್ಜಿಯಲ್ಲ, ಬೊಟುಲಿಸಂ ರೋಗಾಣುವಿನ ಭಯ.) ದದ್ದು, ವಾಂತಿ ಕಂಡರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು, ಉಸಿರು ಕಟ್ಟಿದರೆ, ಮಗು ಜೋಲುಬಿದ್ದರೆ ತಡಮಾಡದೆ 108ಕ್ಕೆ ಕರೆಮಾಡಬೇಕು.

ಎಗ್ಜಿಮಾ ತೀವ್ರವಾಗಿರುವ ಕೂಸಿಗೆ ವೈದ್ಯರ ಪರೀಕ್ಷೆಯೇ ಮೊದಲು. ನಾವೂ ಹಾಗೆಯೇ ಮಾಡಿದೆವು. ಈಗ ವಾರಕ್ಕೆ ಮೂರು ದಿನ ಮೊಮ್ಮಗಳ ಸರಿಯಲ್ಲಿ ಶೇಂಗಾ ಇದೆ.