ಆಸ್ಪತ್ರೆ ಹೇಗಿತ್ತು ಅಂತ ಅವನನ್ನೇ ಕೇಳಿದೆವು

ಹೃದಯದ ಆಪರೇಷನ್ ಆಗಿ ಬಂದವರನ್ನು ನೋಡಲು ಹೋದರೆ ‘ಆಸ್ಪತ್ರೆ ಹೇಗುಂಟು, ಡಾಕ್ಟರ್ ಹೇಗೆ’ ಅಂತ ನಾವೆಲ್ಲ ಕೇಳುತ್ತೇವೆ. ಮಾನಸಿಕ ಕಾಯಿಲೆಗೆ ಅಡ್ಮಿಟ್ ಆಗಿ ಬಂದವನನ್ನು ಯಾರೂ ಹಾಗೆ ಕೇಳುವುದಿಲ್ಲ. ಕೇಳಿದರೂ ಅವನ ಬಾಪನನ್ನು ಕೇಳುತ್ತೇವೆ. ಅವನು ಪಕ್ಕದಲ್ಲೇ ಕೂತಿರುತ್ತಾನೆ.

ನಮ್ಮ ಮದ್ರಸದಲ್ಲಿ ಕಲಿತ ಹುಡುಗನೊಬ್ಬ ಇಪ್ಪತ್ತು ದಿನ ಅಂಥ ಆಸ್ಪತ್ರೆಯಲ್ಲಿದ್ದು ಬಂದ. ಮಗ್ರಿಬ್ ಆದ ಮೇಲೆ ಮಸೀದಿ ಜಗಲಿಯಲ್ಲಿ ಕೂತು ಮಾತಾಡಿದ. ಚಿಕಿತ್ಸೆ ಕೆಟ್ಟದು ಅಂತ ಅವನು ಹೇಳಲಿಲ್ಲ. ಕಿವಿಯಲ್ಲಿ ಕೇಳುತ್ತಿದ್ದ ಮಾತುಗಳು ನಿಂತಿವೆ, ನಿದ್ದೆ ಬರ್ತದೆ. ಆದರೆ ‘ಮದುವೆಗೆ ಅಂತ ಹೇಳಿ ಕಾರು ಹತ್ತಿಸಿದ್ರು ಉಸ್ತಾದ್’ ಎಂದ. ಮಾತ್ರೆ ಶುರುವಾಗಿ ಕೈ ನಡುಗಿದಾಗ, ಜೊಲ್ಲು ಸುರಿದಾಗ ಕಾಯಿಲೆಯೇ ಜೋರಾಯಿತು ಅಂತ ಹೆದರಿದ್ದನಂತೆ. ಅದು ಮಾತ್ರೆಯ ಅಡ್ಡ ಪರಿಣಾಮ, ಡಾಕ್ಟರಿಗೆ ಹೇಳಿದರೆ ದಾರಿ ಉಂಟು ಅಂತ ಯಾರೂ ತಿಳಿಸಿರಲಿಲ್ಲ.

ಒಳ್ಳೆಯದು ಏನಿತ್ತು ಎಂದು ಕೇಳಿದೆವು. ರಾತ್ರಿ ಪಾಳಿಯ ನರ್ಸ್ ಒಬ್ಬರು ಬ್ಯಾರಿ ಭಾಷೆಯಲ್ಲಿ ಊಟ ಆಯಿತಾ ಅಂತ ವಿಚಾರಿಸುತ್ತಿದ್ದರಂತೆ. ಅಷ್ಟೇ. ಕಟ್ಟಡ, ಮಂಚ, ಫ್ಯಾನು, ಒಂದರ ಸುದ್ದಿಯೂ ಇಲ್ಲ.

ಅವನಿಗೆ ಸಿಗದ ವಿವರಣೆ ಕಾನೂನಿನಲ್ಲೇ ಉಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಕಾಯಿಲೆ ಏನು, ಚಿಕಿತ್ಸೆ ಏನು, ಅದರ ಅಡ್ಡ ಪರಿಣಾಮ ಏನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಸ್ವಂತ ಬಟ್ಟೆ ಹಾಕಲು, ಮನೆಯವರಿಗೆ ಫೋನ್ ಮಾಡಲು, ಸೇವೆ ಸರಿಯಿಲ್ಲದಿದ್ದರೆ ದೂರು ಕೊಡಲು ಅವನಿಗೆ ಹಕ್ಕುಂಟು. ಸರಪಳಿ ಹಾಕುವುದು ಪೂರ್ತಿ ನಿಷಿದ್ಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿಗೆ ಸಿಕ್ಕಿ ಸತ್ತ ರೋಗಿಗಳು ಓಡಲಾಗದ್ದು ಸರಪಳಿಯಿಂದಲೇ. ದರ್ಗಾದ ಊರು ಅದು, ನಮ್ಮವರೂ ಮರೆಯಬಾರದು.

ಮದುವೆಯ ಸುಳ್ಳಿಗೆ ಮಾತ್ರ ಆಸ್ಪತ್ರೆಯನ್ನು ದೂರುವಂತಿಲ್ಲ. ಅದು ಮನೆಯಲ್ಲಿ ಹುಟ್ಟಿದ್ದು. (ಹಾಗೆ ಮಾಡಿ ಅಂತ ಸಲಹೆ ಕೊಟ್ಟವರಲ್ಲಿ ನಾವೂ ಒಬ್ಬರು.) ಹೇಗೆ ಕರೆದೊಯ್ಯುವುದು ಅಂತ ತಿಳಿಯದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕೇಳಬಹುದು, ದುಡ್ಡಿಲ್ಲ.

ಮುಂದಿನ ವಾರ ಅವನು ಮತ್ತೆ ತೋರಿಸಲು ಹೋಗಬೇಕು. ಇನ್ನು ಆ ಕಡೆ ಕಾಲಿಡುವುದಿಲ್ಲ ಅಂತಿದ್ದ. ಮಾತ್ರೆ ತಾನಾಗಿ ಬಿಟ್ಟರೆ ಕಾಯಿಲೆ ಮರಳಬಹುದೆಂಬ ಹೆದರಿಕೆ ಮನೆಯವರಿಗೆ. ಬಾಪ ಅವನ ಎದುರು ಕೂತು ಮದುವೆಯ ಸುಳ್ಳಿಗೆ ಮಾಫಿ ಕೇಳಿದರು. ಈಗ ಹೋಗುತ್ತೇನೆ ಅಂದಿದ್ದಾನೆ. ಡಾಕ್ಟರ್ ಹತ್ತಿರ ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ನಮಗೆ ತೋರಿಸಿದ. ಮೊದಲನೆಯದೇ ಕೈ ನಡುಗುವುದರ ಬಗ್ಗೆ.