ಧರ್ಮಾಂಬುಧಿಯ ತಳದಲ್ಲೊಂದು ನಿಲ್ದಾಣ

ಮಾಧವರಂ, ಆದೋನಿ ಸೀಮೆಯ ಹಿರಿಯರಿಗೆ ನೆಲದಡಿಯ ಕಟ್ಟಡವೆಂದರೆ ಹಗೇವು. ಬಾಯಿ ಕಿರಿದಾಗಿ, ಒಡಲು ಹಿರಿದಾಗಿ ತೋಡಿ, ಜೋಳ ತುಂಬಿ, ಮೇಲೆ ಮಣ್ಣು ಮುಚ್ಚುತ್ತಿದ್ದ ಆ ಕಣಜಗಳನ್ನು ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಜಾನಪದ ಪತ್ರಿಕೆಯ ಪಾಠಗಳಲ್ಲಷ್ಟೇ ಕಂಡಿದ್ದಾರೆ. ಆದರೆ ನೆಲದಡಿಯ ಇನ್ನೊಂದು ಬಗೆಯ ಕಟ್ಟಡವನ್ನು ಅವರಲ್ಲಿ ಹಲವರು ಬಲ್ಲರು. ಆದೋನಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಪ್ರವೇಶ ಪರೀಕ್ಷೆಗೋ ಉದ್ಯೋಗಕ್ಕೋ ಬೆಂಗಳೂರಿಗೆ ಹೋದವರು ಮೆಟ್ರೊ ಹಿಡಿಯುವ, ಮಾರ್ಗ ಬದಲಿಸುವ ತಾಣವದು. ಅದರ ಅಧಿಕೃತ ನಾಮ ನಾಡಪ್ರಭು ಕೆಂಪೇಗೌಡ ನಿಲ್ದಾಣ. ಜನರ ಬಾಯಲ್ಲಿ ಮೆಜೆಸ್ಟಿಕ್. ಈ ಎರಡೂ ಹೆಸರುಗಳಿಗಿಂತ ಹಳೆಯದಾದ ಮೂರನೆಯದೊಂದು ಆ ಸ್ಥಳಕ್ಕಿದೆ: ಧರ್ಮಾಂಬುಧಿ.

ಧರ್ಮಾಂಬುಧಿ ಒಂದು ಕೆರೆ. ಬೆಂಗಳೂರಿನ ಪೇಟೆಗೆ ನೀರುಣಿಸಲು ಕೆಂಪೇಗೌಡರ ಕಾಲದಲ್ಲಿ, ಎಂದರೆ 16ನೆಯ ಶತಮಾನದಲ್ಲಿ, ಕಟ್ಟಿಸಿದ್ದೆಂದು ಪ್ರತೀತಿ. ಎತ್ತರದ ದಿಣ್ಣೆಯ ಮೇಲೆ ಕುಳಿತ ಆ ಊರಿಗೆ ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಬಿದ್ದ ಮಳೆಯನ್ನು ತಗ್ಗಿನಲ್ಲಿ ತಡೆದು ನಿಲ್ಲಿಸುವುದಲ್ಲದೆ ಅದಕ್ಕೆ ಅನ್ಯ ಮಾರ್ಗವಿರಲಿಲ್ಲ. ಕೆರೆಯನ್ನು ಕಡಲೆಂದು ಕರೆಯುವುದು ನಮ್ಮವರ ಹಳೆಯ ಔದಾರ್ಯ. ಅನಂತಪುರದ ಪಕ್ಕದ ಬುಕ್ಕರಾಯಸಮುದ್ರವೂ ಅದೇ ಔದಾರ್ಯದ ಫಲ. ‘ಧರ್ಮ’ಕ್ಕೆ ‘ಅಂಬುಧಿ’ ಸೇರಿದಾಗ ಸವರ್ಣದೀರ್ಘ ಸಂಧಿಯಾಗುವುದು ಪ್ರಥಮ ವರ್ಷದ ವಿದ್ಯಾರ್ಥಿಗೂ ತಿಳಿದೀತು. ಅದೇ ನಗರದ ಗವಿಪುರದ ಬಳಿಯ ಕೆಂಪಾಂಬುಧಿ ಕೆರೆಯ ಹೆಸರು ಮಾತ್ರ ಕೊಂಚ ತೊಡಕಿನದು. ‘ಕೆಂಪ’ ಅಚ್ಚಗನ್ನಡ ಪದ. ಕನ್ನಡದ ಕ್ರಮದಂತೆ ಲೋಪಸಂಧಿಯಾಗಿ ‘ಕೆಂಪಂಬುಧಿ’ ಎಂದಾಗಬೇಕಿತ್ತು. ಆದರೆ ಊರ ನಾಲಗೆ ವ್ಯಾಕರಣಕ್ಕೆ ಕಾಯದೆ ಸಂಸ್ಕೃತದ ದೀರ್ಘವನ್ನೇ ಆರಿಸಿಕೊಂಡಿತು. ಅರಿಸಮಾಸಕ್ಕೆ ಉದಾಹರಣೆ ಹುಡುಕುವವರು ಇದನ್ನೂ ಬರೆದಿಟ್ಟುಕೊಳ್ಳಬಹುದು.

19ನೆಯ ಶತಮಾನದ ಕೊನೆಯ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ದೂರದ ನೀರು ಮನೆಬಾಗಿಲಿಗೆ ಬಂದಮೇಲೆ ಊರೊಳಗಿನ ಕೆರೆಯ ಮೇಲಣ ಅಕ್ಕರೆ ತಗ್ಗಿತು. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಧರ್ಮಾಂಬುಧಿ ಬತ್ತಿತು. ಒಣಗಿದ ಅಂಗಳ ಮೈದಾನವಾಯಿತು, ಸುಭಾಷ್ ನಗರವೆಂಬ ಹೆಸರು ಪಡೆಯಿತು, ಸಭೆ ಸಮಾರಂಭಗಳನ್ನು ಕಂಡಿತು. 1960ರ ದಶಕದಲ್ಲಿ ಅಲ್ಲಿಗೆ ಬಸ್ ನಿಲ್ದಾಣ ಬಂತು. ಇಂದು ಆ ನಗರ ಕುಡಿಯುವ ನೀರಿನ ಬಹುಪಾಲು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ಮೇಲೇರಿ ಬರುತ್ತದೆ.

ಆ ಬಸ್ ನಿಲ್ದಾಣದ ನೆಲದಡಿಗೇ ಮೆಟ್ರೊ ಇಳಿಯಿತು. ಪೂರ್ವ-ಪಶ್ಚಿಮವಾಗಿ ಹರಿಯುವ ನೇರಳೆ ಮಾರ್ಗದ ಸುರಂಗಭಾಗ 2016ರ ಏಪ್ರಿಲ್ ಕೊನೆಯಲ್ಲಿ, ಉತ್ತರ-ದಕ್ಷಿಣದ ಹಸಿರು ಮಾರ್ಗದ್ದು 2017ರ ಜೂನ್‌ನಲ್ಲಿ ಆರಂಭವಾದವು. ಎರಡೂ ಇಲ್ಲಿ ಒಂದನ್ನೊಂದು ಅಡ್ಡ ಹಾಯುತ್ತವೆ. ನೇರಳೆಯ ವೇದಿಕೆ ಮೇಲೆ, ಹಸಿರಿನದು ಅದರ ಕೆಳಗೆ. ಏಷ್ಯಾದಲ್ಲೇ ಹಿರಿದೆಂಬಂಥ ಹೊಗಳಿಕೆಗಳನ್ನು ಬದಿಗಿಟ್ಟು, ಕಟ್ಟಿದ ಬಗೆಯನ್ನಷ್ಟೇ ನೋಡೋಣ.

ನೆಲದಡಿಯ ನಿಲ್ದಾಣ ಕಟ್ಟಲು ಹಳೆಯ ಕ್ರಮವೊಂದಿದೆ: ಮೇಲಿನಿಂದ ಅಗೆದು, ಕಟ್ಟಿ, ಮತ್ತೆ ಮುಚ್ಚುವುದು. 1863ರಲ್ಲಿ ಲಂಡನ್ನಿನ ಮೊದಲ ಸುರಂಗ ರೈಲುಮಾರ್ಗ ಆದದ್ದೂ ಹೀಗೆಯೇ. ನಮ್ಮ ಹಗೇವಿನ ವಿಧಾನವೇ ತುಸು ದೊಡ್ಡದಾಯಿತೆಂದರೆ ತಪ್ಪಲ್ಲ. ನಿಲ್ದಾಣಗಳ ನಡುವಣ ಸುರಂಗಕ್ಕೆ ಮಾತ್ರ ಹೆಗ್ಗಣದಂತೆ ಕೊರೆದು ಸಾಗುವ ಯಂತ್ರ ಬೇಕು. ಯಂತ್ರ ಮುಂದೆ ಕೊರೆದಂತೆ ಹಿಂದೆ ಕಾಂಕ್ರೀಟಿನ ಬಳೆಗಳು ಜೋಡಣೆಯಾಗುತ್ತವೆ. ಬೆಂಗಳೂರಿನ ನೆಲ ಈ ಯಂತ್ರಗಳನ್ನು ಬಹಳ ಕಾಡಿತು. ಬರೀ ಬಂಡೆಯಿದ್ದರೆ ಒಂದು ಬಗೆಯ ಹಲ್ಲು ಸಾಕು, ಬರೀ ಮಣ್ಣಿದ್ದರೆ ಇನ್ನೊಂದು. ಅಲ್ಲಿ ಎರಡೂ ಬೆರೆತಿವೆ: ಕೊಳೆತ ಬಂಡೆಯ ಮೆತ್ತನೆಯ ಮಣ್ಣಿನ ನಡುವೆ ಗಟ್ಟಿ ಗುಂಡುಗಳು. ಆದೋನಿ ಕೋಟೆಬೆಟ್ಟದ ಗುಂಡುಗಳನ್ನು ಮಣ್ಣಿನಲ್ಲಿ ಹೂತಂತೆ ಊಹಿಸಿಕೊಂಡರೆ ಚಿತ್ರ ಸ್ಪಷ್ಟವಾದೀತು. ಆ ಯಂತ್ರಗಳಿಗಿಟ್ಟ ಹೆಸರುಗಳು ಹೆಲೆನ್, ಮಾರ್ಗರಿಟಾ, ಕೃಷ್ಣಾ, ಕಾವೇರಿ, ಗೋದಾವರಿ. ನೀರಿಲ್ಲದ ಊರಿನ ಬಂಡೆಯನ್ನು ಕೊರೆಯಲು ಮೂರು ನದಿಗಳು ಹೊರಟಂತಾಯಿತು!

ತಗ್ಗಿನಲ್ಲಿ ಕಟ್ಟುವವರಿಗೆ ಇನ್ನೊಂದು ಕಷ್ಟವುಂಟು. ಖಾಲಿ ಕೊಡವನ್ನು ಬಾವಿಯಲ್ಲಿ ಅದುಮಿದರೆ ಅದು ಮೇಲಕ್ಕೆ ಒತ್ತುತ್ತದೆ. ಅಂತರ್ಜಲದ ನಡುವೆ ಕುಳಿತ ಪೊಳ್ಳು ಕಟ್ಟಡದ್ದೂ ಅದೇ ಸ್ವಭಾವ. ಆದುದರಿಂದ ನೆಲದಡಿಯ ನಿಲ್ದಾಣವನ್ನು ಕೆಳಗೆ ಕುಸಿಯದಂತೆ ಮಾತ್ರವಲ್ಲ, ಮೇಲಕ್ಕೆ ತೇಲದಂತೆಯೂ ಕಟ್ಟಬೇಕು. ಗೋಡೆ, ತಳಗಳ ಭಾರ, ಚಾವಣಿಯ ಮೇಲಣ ಮಣ್ಣಿನ ಭಾರ ಇವೆಲ್ಲ ಆ ಲೆಕ್ಕದಲ್ಲಿ ಸೇರುತ್ತವೆ. ಒಸರುವ ನೀರನ್ನು ಪಂಪುಗಳು ಹೊರಹಾಕುತ್ತಿರಬೇಕು. ಮೇಲೆ ಕೆರೆ ಇಲ್ಲವಾದ ಮಾತ್ರಕ್ಕೆ ಇಳಿಜಾರು ಬದಲಾಗದು. ಮಳೆ ಜೋರಾದಾಗ ನೀರು ತನ್ನ ಹಳೆಯ ವಿಳಾಸಕ್ಕೇ ಹರಿದು ಬರುತ್ತದೆ.

ಮೇಲೆ ಬಂದು ಸುತ್ತಲೂ ನೋಡಿದರೆ ಅಳಿದ ಕೆರೆಯ ಅಂಚುಗಳು ಇಂದಿಗೂ ಕಾಣುತ್ತವೆ. ಬಸ್ ನಿಲ್ದಾಣವು ಸುತ್ತಲ ರಸ್ತೆಗಳಿಗಿಂತ ತಗ್ಗಿನಲ್ಲಿದೆ. ಒಂದು ಬದಿಯ ರಸ್ತೆಗೆ ಟ್ಯಾಂಕ್ ಬಂಡ್ ರಸ್ತೆಯೆಂಬ ಹೆಸರು. ಕೆರೆ ಹೋಯಿತು, ಏರಿ ಇಂಗ್ಲಿಷಿನಲ್ಲಿ ಉಳಿಯಿತು. ಊರದೇವತೆ ಅಣ್ಣಮ್ಮನ ಗುಡಿ ಸಮೀಪದಲ್ಲೇ ಇದೆ. ಕೆರೆಯ ಏರಿಯ ಬಳಿ ದೇವಿಯ ನೆಲೆಯಿರುವುದು ನಮ್ಮ ಹಳ್ಳಿಗಳಲ್ಲೂ ಕಾಣುವ ಸಂಗತಿಯಷ್ಟೆ. ಮೆಜೆಸ್ಟಿಕ್ ಎಂಬ ಹೆಸರಿಗೆ ಕಾರಣವಾದ ಚಿತ್ರಮಂದಿರ ಈಗಿಲ್ಲ, ಕಪಾಲಿಯೂ ಇಲ್ಲ. ಹಸಿರು ಮಾರ್ಗದಲ್ಲಿ ದಕ್ಷಿಣಕ್ಕೆ ಹೊರಟು, ಚಿಕ್ಕಪೇಟೆ ದಾಟಿ ಸಿಗುವ ಕೃಷ್ಣರಾಜ ಮಾರುಕಟ್ಟೆಯನ್ನು 1921ರಲ್ಲಿ ಕಟ್ಟಿದ್ದೂ ಸಿದ್ಧಿಕಟ್ಟೆಯೆಂಬ ಕೆರೆಯ ನೆಲದಲ್ಲಿ.

ನಿಲ್ದಾಣದ ಗೋಡೆಯ ಮೇಲಣ ಅಕ್ಷರಗಳೂ ನಮ್ಮ ಅಭ್ಯಾಸಕ್ಕೆ ಸೇರಿದವು. 2017ರ ಜುಲೈಯಲ್ಲಿ ಫಲಕಗಳ ಹಿಂದಿಗೆ ವಿರೋಧ ಎದ್ದಾಗ ಮೊದಲು ಅಕ್ಷರ ಮುಚ್ಚಿಸಿಕೊಂಡ ನಿಲ್ದಾಣಗಳಲ್ಲಿ ಮೆಜೆಸ್ಟಿಕ್, ಚಿಕ್ಕಪೇಟೆ ಸೇರಿದ್ದವು. ಕನ್ನಡ, ಇಂಗ್ಲಿಷ್ ಉಳಿದವು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಆದೋನಿ, ಆಲೂರು, ರಾಯದುರ್ಗಗಳ ಕನ್ನಡಿಗರಿಗೆ ಫಲಕದ ಭಾಷೆ ಸಣ್ಣ ಮಾತಲ್ಲವೆಂಬುದು ಚೆನ್ನಾಗಿ ಗೊತ್ತು. ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿ ನೀಡಿದವರು ನಿರೂಪಕಿ ಅಪರ್ಣಾ. 2024ರ ಜುಲೈಯಲ್ಲಿ ಅವರು ತೀರಿಕೊಂಡರು. ಅಲ್ಪಪ್ರಾಣ, ಮಹಾಪ್ರಾಣಗಳು ತಮ್ಮ ತಮ್ಮ ಸ್ಥಾನದಲ್ಲಿ ನಿಂತ ಆ ಉಚ್ಚಾರಣೆಯನ್ನು ನಮ್ಮ ತರಗತಿಗಳಿಗೆ ಮಾದರಿಯಾಗಿ ಕೇಳಿಸಬಹುದು.

ಆ ಪ್ರಾಣಭೇದದ ಉಪಯೋಗ ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿಯೇ ಒದಗುತ್ತದೆ. ಹಸಿರು ಮಾರ್ಗವು 2024ರ ನವೆಂಬರ್‌ನಿಂದ ಉತ್ತರದಲ್ಲಿ ಕೊನೆಗೊಳ್ಳುವ ನಿಲ್ದಾಣದ ಹೆಸರು ಮಾದಾವರ. ಮಾಧವರಂನಿಂದ ಹೋದವನು ಕೆಳವೇದಿಕೆಯಲ್ಲಿ ನಿಂತು ಆ ಹೆಸರನ್ನು ಓದಿದರೆ ಕ್ಷಣಕಾಲ ತನ್ನೂರಿಗೇ ರೈಲು ಹೊರಟಿತೆಂದು ಭ್ರಮಿಸಿಯಾನು. ದಕಾರವನ್ನು ನೋಡಿ ಹತ್ತಬೇಕು.